ಆಶಾರಾಣಿಯ ಆರು ಪತ್ರಗಳು

ಹರಿಹರ ಬಸ್ ನಿಲ್ದಾಣದ ಹೊರಗೆ ಸರ್ಕಾರಿ ಕಾರು ನಿಲ್ಲಿಸಿ, ಡ್ರೈವರನನ್ನು ಚಹಾಕ್ಕೆ ಕಳಿಸಿ, ಕೊಟ್ಟೂರೇಶ್ ಒಬ್ಬನೇ ಒಳಗೆ ನಡೆದ. ಈ ಭೇಟಿಗೆ ಸಾಕ್ಷಿ ಇರುವುದು ಅವನಿಗೆ ಬೇಡವಾಗಿತ್ತು.

ಆರು ವರ್ಷ, ಆರು ಪತ್ರ. ಪ್ರತಿ ಡಿಸೆಂಬರಿನಲ್ಲಿ, ಹಣಕಾಸು ಇಲಾಖೆಗೆ, ಅವನ ಹೆಸರಿಗೇ. 'ಹಾಸ್ಟೆಲಿನ ಊಟದ ಹಣಕ್ಕೆ ಕತ್ತರಿ ಹಾಕುವವರು ಮೊದಲು ಒಂದು ವಾರ ಅಲ್ಲೇ ಉಣ್ಣಬೇಕು' ಎಂದಿತ್ತು ಮೊದಲನೆಯದರಲ್ಲಿ. ಆ ಮಾತನ್ನು ಕೊಟ್ಟೂರೇಶ್ ತನ್ನದೇ ಎಂಬಂತೆ ಬಜೆಟ್ ಟಿಪ್ಪಣಿಗೆ ಸೇರಿಸಿದ. ಮಂತ್ರಿಗಳು ಬೆನ್ನು ತಟ್ಟಿದರು. ಉಳಿದವೂ ಹಾಗೇ ಬಳಕೆಯಾದವು. 'ಬಡವರ ಅರ್ಥಶಾಸ್ತ್ರಜ್ಞ' ಎಂದು ಪತ್ರಿಕೆಗಳು ಹೊಗಳಿದವು. ಮುಂದಿನ ವಾರ ಸರ್ಕಾರದ ಆರ್ಥಿಕ ಸಲಹೆಗಾರನ ಹುದ್ದೆ ಕೈಗೆ ಬರುವುದಿತ್ತು.

ಆರನೆಯ ಪತ್ರದಲ್ಲಿ ಮೊದಲ ಸಲ ವಿಳಾಸವಿತ್ತು. ಈಗಲೇ ಏಕೆ? ಇಲಾಖೆ ಸೇರಿದ ಮೇಲೆ ಈ ಕಡೆ ತಲೆ ಹಾಕದವನು, ದಾವಣಗೆರೆಯ ಬಜೆಟ್ ಪೂರ್ವ ಸಭೆಯ ನೆಪದಲ್ಲಿ ಬಂದಿದ್ದ.

ನಿಯಂತ್ರಕರ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಮೈಕಿನಲ್ಲಿ ಮಲೆಬೆನ್ನೂರು ಬಸ್ಸಿಗೆ ಕೂಗುತ್ತಿದ್ದಳು.

"ಆಶಾರಾಣಿ ನೀವೇನಾ? ನಾನು ಕೊಟ್ಟೂರೇಶ್."

"ಬರ್ರಿ ಸರ್, ಕೂಡ್ರಿ. ಧ್ವನಿ ಹಂಗೇ ಐತ್ರಿ."

ಟಿ.ವಿ.ಯಲ್ಲಿ ಕೇಳಿರಬೇಕು ಎಂದುಕೊಂಡ. "ಈ ಸಲ ವಿಳಾಸ ಬರೆದಿದ್ರಲ್ಲ, ಯಾಕೆ?"

"ಒಂದ್ಸಲ ನಿಮ್ಮನ್ನ ನೋಡಬೇಕು ಅನಿಸ್ತು."

ಅವನು ಬಾಗಿಲು ಮುಂದೆ ಮಾಡಿದ. "ನೋಡಿ, ನಿಮ್ಮ ವಿಚಾರಗಳು ಸರ್ಕಾರಕ್ಕೆ ಉಪಯೋಗ ಆಗಿವೆ. ಯಾವುದಾದರೂ ಸಮಿತಿಗೆ ನಿಮ್ಮನ್ನ ಸೇರಿಸಿಕೊಳ್ಳೋಣ. ಪತ್ರದ ಸಂಗತಿ ಮಾತ್ರ ನಮ್ಮಿಬ್ಬರಲ್ಲೇ ಇರಲಿ."

"ಅಯ್ಯೋ ಸರ್, ಅವು ನನ್ನ ವಿಚಾರ ಅಲ್ರಿ."

ಕೊಟ್ಟೂರೇಶ್ ಮೇಜಿನತ್ತ ಬಾಗಿದ. "ಮತ್ತೆ ಯಾರವು?"

"ಕಾಲೇಜಿನಾಗೆ ಒಬ್ರು ಲೆಕ್ಚರರ್ ಇದ್ರು. ಒಂದೇ ವರ್ಷ. ಅವರು ಹೇಳಿದ್ದನ್ನೆಲ್ಲ ಬರಕೊಂಡಿದ್ದೆ."

"ಈಗ ಎಲ್ಲಿದ್ದಾರೆ?"

ಆಶಾರಾಣಿ ಅವನ ಮುಖವನ್ನೇ ದಿಟ್ಟಿಸಿದಳು. "ಆ ಮನುಷ್ಯ ಈಗಿಲ್ಲ ಬಿಡ್ರಿ."

ತಲೆಯ ಮೇಲಿನ ಭಾರ ಇಳಿದಂತಾಯಿತು. ಇನ್ನು ಹಕ್ಕು ಕೇಳುವವರೇ ಇಲ್ಲ. ಆದರೂ ಮುಖ ಸಣ್ಣಗೆ ಮಾಡಿಕೊಂಡ. "ಛೇ! ಅಂಥವರು ಇರಬೇಕಿತ್ತು."

"ನನಗೂ ಹಂಗೇ ಅನಿಸಿತ್ರಿ. ಅದಕ್ಕೇ ಅವರ ಮಾತು ನಿಮಗೆ ಕಳಿಸ್ತಿದ್ದೆ" ಎನ್ನುತ್ತ ಅವಳು ಡ್ರಾಯರಿನಿಂದ ಹಳೆಯ ನೋಟ್‌ಬುಕ್ ತೆಗೆದು ಅವನ ಮುಂದಿಟ್ಟಳು.

ರಟ್ಟಿನ ಮೇಲೆ ದುಂಡನೆಯ ಅಕ್ಷರಗಳಿದ್ದವು: 'ಬಿ.ಎ. ಎರಡನೇ ವರ್ಷ, ದಾವಣಗೆರೆ, ೧೯೯೩. ಅರ್ಥಶಾಸ್ತ್ರ. ಪಾಠ: ಕೊಟ್ಟೂರೇಶ್ ಸರ್.'