ಬೇಸಿಗೆ ಪೆಟ್ರೋಲ್

"ಇವತ್ತು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಾಳೆನೇ ಮಾರ್ಬಿಡ್ತೀನಿ ಕಣೇ," ಎಂದು ಕುಶಾಲ್ ಅಂಗಳದ ಹಿಮ ಎತ್ತಿ ಎಸೆಯುವ ಸ್ನೋಬ್ಲೋವರ್‌ನ ಹಗ್ಗವನ್ನು ಮತ್ತೊಮ್ಮೆ ಎಳೆದ. ಆಯುಧಪೂಜೆಯ ಕುಂಕುಮ ಹೊತ್ತ ಯಂತ್ರ ಕೆಮ್ಮಿ ಸುಮ್ಮನಾಯಿತು. ಹಠ ಹಿಡಿದು ಅದನ್ನು ಕೊಂಡಿದ್ದು ಅವನ ಹೆಂಡತಿ ಹಂಸಾ.

"ಪೂಜೆಗೆ ಟ್ಯಾಂಕ್ ಖಾಲಿ ಇರಬಾರ್ದು ಅಂತ ಏನು ಸುರಿದೆ?" ಎಂದಳು.

"ಬೇಸಿಗೇಲಿ ಹುಲ್ಲು ಕತ್ತರಿಸೋ ಲಾನ್ ಮೋವರ್‌ಗೆ ತಂದು ಉಳಿದಿದ್ದು. ಪೆಟ್ರೋಲಲ್ಲೂ ಜಾತಿ ಇದ್ಯಾ?"

"ಸೀಸನ್ ಇದೆ ಮಾರಾಯ. ಈ ದೇಶದಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಥರ ಪೆಟ್ರೋಲ್ ಮಾರ್ತಾರೆ. ಬೇಸಿಗೇದು ಈ ಚಳೀಲಿ ಸರಿಯಾಗಿ ಆವಿ ಆಗಲ್ಲ."

ಅವಳು ಹಳೆಯದನ್ನು ಡಬ್ಬಕ್ಕೆ ಬಸಿದು, ನಿನ್ನೆ ಬಂಕಿನಿಂದ ತಂದ ಚಳಿಗಾಲದ ಪೆಟ್ರೋಲ್ ಸುರಿದು, ಹಗ್ಗ ಎಳೆದಳು. ಯಂತ್ರ ಗುಡುಗಿತು. ಅವಳು ಮುಂದೆ ತಳ್ಳಿದ ಕೂಡಲೇ ಚಿಮ್ಮಿದ ಹಿಮ, ತನಗೆ ಇದೇ ಸಾಕೆಂದು ಸಲಿಕೆ ಹಿಡಿದು ನಿಂತಿದ್ದ ಕುಶಾಲನ ಮುಖಕ್ಕೆ ರಪ್ಪನೆ ಬಡಿಯಿತು.

"ನಾಳೆ ಆ ಸಲಿಕೆ ಮಾರ್ಬಿಡು!" ಹಂಸಾ ಕೂಗಿದಳು. ಅವನು ಹಿಮ ಉಗುಳುತ್ತಾ ನಕ್ಕುಬಿಟ್ಟ.