ಮೇಷ್ಟ್ರಿಗೆ ಚಳಿ ಸೇರಲ್ಲ

ಎಸಿ ಮತ್ತೆ ಆರಿತ್ತು. ರಿಮೋಟ್ ಮಾತ್ರ ಅಲ್ಮೇರಾದ ತಲೆಯ ಮೇಲೇ ಇತ್ತು, ಬೆಳಿಗ್ಗೆ ಅವಳು ಸ್ಟೂಲು ಹತ್ತಿ ಇಟ್ಟಿದ್ದ ಜಾಗದಲ್ಲೇ.

ಸೊಸೆ ಓಡಿಹೋಗಿ ಅತ್ತೆಯ ಹಣೆ ಮುಟ್ಟಿದಳು. ಬೆವರಿನಿಂದ ತೊಯ್ದಿತ್ತು. ಹೊರಗೆ ಕೆಂಡದಂಥ ಬಿಸಿಲು. ಈ ಗುಂಡಿಗೆ ಸೆಕೆ ತಡೆಯುವುದಿಲ್ಲ, ಎಸಿ ಆರಿಸಿದರೆ ಜೀವಕ್ಕೇ ಸಂಚಕಾರ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಸಿಗೆಯಿಂದ ಏಳಲಾರದ ಅತ್ತೆ ಸ್ಟೂಲು ಹತ್ತುವುದುಂಟೇ?

“ಯಾರು ಅತ್ತೆ ಆರಿಸಿದ್ದು?”

“ಮೇಷ್ಟ್ರು ಕಣೇ. ಅವರಿಗೆ ಚಳಿ ಸೇರಲ್ಲ.”

ಮೂಲೆಯ ಗಾಜಿನ ಗೂಡಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ಮಲಗಿತ್ತು. ಬಾಲವೂ ಸೇರಿ ಮಾರುದ್ದದ, ಹಲ್ಲಿ ಜಾತಿಯ ಇಗ್ವಾನಾ. ಅವಳು ಮದುವೆಯಾಗಿ ಈ ಮನೆಗೆ ಬಂದು ಮೂರು ತಿಂಗಳು. ಅದಕ್ಕೂ ಮುಂಚೆಯೇ ತೀರಿಕೊಂಡ ಮಾವ ಸಾಕಿದ್ದ ಪ್ರಾಣಿಯಂತೆ. “ಇದು ಮೇಷ್ಟ್ರು. ಹೇಗೆ ತಲೆ ಆಡಿಸುತ್ತೆ ನೋಡು” ಎಂದು ಗಂಡ ಪರಿಚಯ ಮಾಡಿಸಿದ್ದ. ಗೂಡನ್ನು ಬೇರೆ ಕೋಣೆಗೆ ಸಾಗಿಸೋಣವೆಂದರೆ ಅತ್ತೆ ಸುತರಾಂ ಒಪ್ಪಲಿಲ್ಲ.

ಅವಳೇನು ಕಲ್ಲುಮನಸ್ಸಿನವಳಲ್ಲ. ಎಸಿ ಗಾಳಿ ನೇರ ಬೀಳದಂತೆ ಗೂಡಿಗೆ ದಪ್ಪ ಟವೆಲ್ ಇಳಿಬಿಟ್ಟಿದ್ದಳು. ಮೇಲೆ ಕಾವು ಕೊಡುವ ದೀಪ, ಪಕ್ಕದಲ್ಲಿ ಬೆಚ್ಚಗಿನ ನೀರಿನ ಬೋಗುಣಿ. ಗಾಜಿನ ಮೇಲೆ ಮಾವ ಅಂಟಿಸಿದ್ದ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: ‘ಕಾವು ಇಪ್ಪತ್ತೆಂಟಕ್ಕಿಂತ ಇಳಿಯಕೂಡದು.’ ಅದರ ಕೆಳಗೆ ಎರಡು ಗೆರೆ. ಚೀಟಿ ಹೇಳಿದ್ದನ್ನೆಲ್ಲ ಮಾಡಿದ್ದಾಯಿತು. ಇಷ್ಟಾದರೂ ಅತ್ತೆಯ ಜೀವಕ್ಕೇ ಕುತ್ತು ತರುತ್ತದಲ್ಲ, ಹಾಳು ಹಲ್ಲಿ!

“ನಿನ್ನೆ ನನ್ನ ಕಾಲ ಹತ್ರ ಕೂತಿದ್ರು, ಪಾಪ” ಎಂದರು ಅತ್ತೆ.

ಸರಿಹೋಯಿತು. ಗೂಡಿನ ಬಾಗಿಲು ಸಡಿಲವಾಗಿದೆ. ತಾನು ಆಚೆ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುವಾಗ ಇದು ಹೊರಬಿದ್ದು, ಅಲ್ಮೇರಾ ಹತ್ತಿ, ರಿಮೋಟ್ ತುಳಿಯುತ್ತದೆ. ಮರ ಹತ್ತುವ ಜಾತಿ ತಾನೆ! ಗೂಡಿಗೆ ಬೀಗ ಜಡಿದು, ಕೀಲಿಯನ್ನು ಕೊರಳಲ್ಲಿದ್ದ ಅಳತೆ ಟೇಪಿಗೆ ಗಂಟು ಹಾಕಿಕೊಂಡಳು. ಅವತ್ತು ನೆಮ್ಮದಿಯಿಂದ ಊಟ ಮಾಡಿದಳು.

ಮರುದಿನ ಮಧ್ಯಾಹ್ನ ಬಂದು ನೋಡಿದರೆ ಕೋಣೆ ಕಾದ ಹಂಚು. ಎಸಿ ಆರಿತ್ತು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಒಳಗೆ ಮೇಷ್ಟ್ರು ಹಾಯಾಗಿ ಎಲೆ ಮೆಲ್ಲುತ್ತಿತ್ತು.

ಸ್ಟೂಲು ಎಳೆದು, ಹತ್ತಿ, ಎಸಿ ಹಾಕಿದಳು. ಅತ್ತೆಯ ತುಟಿ ನೀಲಿಗಟ್ಟಿತ್ತು. ಮುಖದಲ್ಲಿ ಮಾತ್ರ ನಗು.

“ಇವತ್ತೂ ಬಂದಿದ್ರು ಕಣೇ. ಸಾಕು ಇನ್ನು, ನಾಳೆ ಇಬ್ಬರೂ ಹೊರಡೋಣ ಅಂದ್ರು.”

“ಸುಮ್ನಿರಿ ಅತ್ತೆ, ನಂಗೆ ಭಯ ಆಗುತ್ತೆ! ಬೀಗ ಹಾಕಿದ್ದೀನಿ. ಮೇಷ್ಟ್ರು ಹೊರಗೆ ಹೇಗೆ ಬಂತು?”

“‘ಬಂತು’ ಅಂತೀಯಲ್ಲೇ ಹುಚ್ಚಿ! ಐವತ್ತು ವರ್ಷ ನಿನ್ನ ಮಾವನನ್ನ ಮೇಷ್ಟ್ರೇ ಅಂತ ಕರೆದ ಬಾಯಿ ಇದು. ಹಲ್ಲಿಗೆ ಯಾರಾದ್ರೂ ಬಹುವಚನ ಕೊಡ್ತಾರೇನೇ?”