ಜನನಿ ಎದ್ದು ನಿಂತಳು

"ಬೇಡ ನನ್ನ ಕಣ್ಣೇ, ಕೂತ್ಕೋ!" ಎಂದು ಮಾದಮ್ಮ ಪಿಸುಗುಟ್ಟುವಷ್ಟರಲ್ಲಿ ಎಂಟು ವರ್ಷದ ಜನನಿ ಡಾಕ್ಟರ ಮೇಜು ಹಿಡಿದು ಎದ್ದು ನಿಂತೇಬಿಟ್ಟಿದ್ದಳು.

ಮಂಜೂರಿನ ಈ ಅಂಗವಿಕಲ ಮಕ್ಕಳ ತಪಾಸಣಾ ಶಿಬಿರಕ್ಕೆ ಮಗಳನ್ನು ಬೆನ್ನ ಮೇಲೆ ಹೊತ್ತು ತಂದಿದ್ದಳು ಮಾದಮ್ಮ. ನಿಲ್ಲಲಾಗದ ಮಕ್ಕಳಿಗೆ ಮಾತ್ರ ಮನೆಗೇ ಬಂದು ವ್ಯಾಯಾಮ ಮಾಡಿಸುವ ಟೀಚರನ್ನು ಕೊಡುತ್ತಾರಂತೆ. ಇಷ್ಟು ದಿನ ಬೇರೆ ಗತಿಯಿಲ್ಲದೆ, ತಾನು ಎಲೆ ಕೀಳುವಾಗ ಚಹಾ ಗಿಡಗಳನ್ನೇ ಹಿಡಿಸಿ ನಿಲ್ಲುವುದನ್ನು ಕಲಿಸಿದ್ದಳು. ಮಗು ನಿಂತರೆ ಜೊತೆಯ ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು. ಸ್ವಲ್ಪ ಹೊತ್ತಿಗೇ ಅವಳು ಕುಸಿದು ಬೀಳುತ್ತಿದ್ದಳು.

"ಚೆನ್ನಾಗೇ ನಿಲ್ತಾಳಲ್ಲಮ್ಮಾ," ಎಂದ ಡಾಕ್ಟರು ಮುಂದಿನವರನ್ನು ಕರೆದರು.

"ಒಂದು ಗಳಿಗೆ ನೋಡಿ ಸಾರ್, ಬಿದ್ದೇ ಬೀಳ್ತಾಳೆ!" ಎಂದು ಅಂಗಲಾಚಿದ ಮಾದಮ್ಮ, ಮನಸ್ಸಿನಲ್ಲೇ ಕುಲದೇವಿಯನ್ನು ಬೇಡಿಕೊಂಡಳು: ಹೆತ್ತೆಯಮ್ಮಾ, ನನ್ನ ಮಗು ಬೀಳಲಿ.

"ಇಲ್ಲ ಅವ್ವೆ, ಬೀಳಲ್ಲ ನೋಡು," ಎಂದು ನಗುತ್ತಾ ಜನನಿ ಮೇಜಿನಿಂದ ಒಂದು ಕೈಯನ್ನು ತೆಗೆದಳು.